ರನ್ನನ ಕಂದದಲ್ಲಿ ತರ್ಕದ ಭಾಷೆ

ಮುಧೋಳವೆಂದೊಡನೆ ಅಲ್ಲಿ 949ರಲ್ಲಿ ಜನಿಸಿದ ರನ್ನನೂ ಆತನ ‘ಗದಾಯುದ್ಧ’ವೂ ನಮ್ಮ ನೆನಪಿಗೆ ಬರುತ್ತವೆ. ಆ ಕಾವ್ಯದ ಕಂದಪದ್ಯವನ್ನು ವಾಚಕರು ಒಮ್ಮೆ ಗಣಿತಜ್ಞನ ಕಣ್ಣಿನಿಂದ ನೋಡಬೇಕು. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು. ಇವೆರಡರಿಂದ ನಾಲ್ಕು ಮಾತ್ರೆಯ ಗಣಗಳು ಐದೇ ಆಗುತ್ತವೆ. ಪದ್ಯಾರ್ಧಕ್ಕೆ ಎಂಟು ಗಣ. ಎರಡು ಲಘುಗಳ ನಡುವೆ ಗುರುವಿರುವ ಜಗಣವು ವಿಷಮಸ್ಥಾನದಲ್ಲಿ ಸಲ್ಲದು, ಆರನೆಯದು ಜಗಣವೋ ಸರ್ವಲಘುವೋ ಆಗಲೇಬೇಕು, ಕೊನೆಯಲ್ಲಿ ಗುರು. ಅರ್ಥವರಿಯದ ಬಾಲಕನೂ ಬೆರಳೆಣಿಸಿ ಗಣದೋಷವನ್ನು ಹಿಡಿಯಬಲ್ಲನು.

1879ರಲ್ಲಿ ಜರ್ಮನಿಯ ಫ್ರೇಗೆಯು ತರ್ಕಕ್ಕಾಗಿ ರಚಿಸಿದ ಸಂಕೇತಭಾಷೆಯ ಮರ್ಮವೂ ಇದೇ: ಚಿಹ್ನೆಗಳು ಕೆಲವೇ, ನಿಯಮಗಳು ಖಚಿತ, ಪರೀಕ್ಷೆಯು ರೂಪದಿಂದಲೇ. ಆದರೆ ಗಣ ತಪ್ಪದ ಪದ್ಯವೆಲ್ಲವೂ ಕಾವ್ಯವಲ್ಲ. ನಿಯಮಬದ್ಧವಾದ ವಾಕ್ಯವೆಲ್ಲವೂ ಸತ್ಯವಲ್ಲ. ಈ ವಿವೇಕವನ್ನು ಕಲಿಸುವ ಛಂದಸ್ಸನ್ನು ಒಣಪಾಠವೆಂದು ಮಕ್ಕಳಿಂದ ದೂರ ಮಾಡುವುದು ನಮಗೆ ಉಚಿತವೇ?