ಮೂತ್ರದಲ್ಲಿ ತೋರುವ ರಕ್ತ

ಬಲಸಮುದ್ರದ ಸುತ್ತಿನ ನಮ್ಮ ಬಯಲುಸೀಮೆಯಲ್ಲಿ ಮೂತ್ರವು ಕೆಂಪಗಾದರೆ ಉಷ್ಣವೆಂದು ಹೇಳಿ ಎಳನೀರನ್ನೋ ಬಾರ್ಲಿಯ ಗಂಜಿಯನ್ನೋ ಕೊಡುವುದು ವಾಡಿಕೆ. ಬೇಸಗೆಯಲ್ಲಿ ನೀರು ಸಾಲದೆ ಮೂತ್ರವು ಗಾಢವಾದ ಹಳದಿಗೆ ತಿರುಗುವುದುಂಟು. ಅದು ಬೇರೆ, ರಕ್ತವು ಬೇರೆ. ನೋವಿಲ್ಲದೆ ರಕ್ತವು ಕಂಡು ಮರುದಿನ ತಾನಾಗಿಯೇ ನಿಂತರೆ, ಮನೆಯವರು ಎಳನೀರಿಗೆ ಕೀರ್ತಿಯನ್ನು ಕೊಟ್ಟು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾಗುವುದೇ ಅಪಾಯವೆಂದು ನಮ್ಮ ಅಭಿಪ್ರಾಯ.

ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಹೀಗಾದರೆ ವಿಚಾರವು ಮತ್ತಷ್ಟು ಜಟಿಲ. ಕಾರಣವು ಸೋಂಕಾಗಿರಬಹುದು, ಕಲ್ಲಾಗಿರಬಹುದು, ಔಷಧದ ಪರಿಣಾಮವೂ ಆಗಿರಬಹುದು. ಗಡ್ಡೆಯೇ ಆಗಿದ್ದರೆ ಅದು ಮೂತ್ರಾಶಯದಲ್ಲಿಯೇ ಹುಟ್ಟಿದುದೋ, ಶ್ವಾಸಕೋಶದಿಂದ ಬಂದು ಸೇರಿದುದೋ? ಬೀಡಿ ಸಿಗರೇಟುಗಳ ಹೊಗೆಯು ಎರಡು ಅವಯವಗಳಲ್ಲಿಯೂ ಕ್ಯಾನ್ಸರನ್ನು ಹುಟ್ಟಿಸಬಲ್ಲುದಾದುದರಿಂದ ಮೊದಲನೆಯ ಊಹೆಯೇ ಸಹಜ. ಎರಡನೆಯದು ಅತ್ಯಪೂರ್ವ. ಲಂಡನ್ನಿನ ರೋಗಶಾಸ್ತ್ರಜ್ಞರಾದ ಬೇಟ್ಸ್ ಮತ್ತು ಬೈತುನ್ ಎಂಬವರು ಬೇರೆಡೆಯಿಂದ ಮೂತ್ರಾಶಯಕ್ಕೆ ಹಬ್ಬಿದ ೨೮೨ ಗಡ್ಡೆಗಳ ವಿವರವನ್ನು ೨೦೦೦ದಲ್ಲಿ ಪ್ರಕಟಿಸಿದರು. ಹೆಚ್ಚಿನವು ಕರುಳು, ಪ್ರಾಸ್ಟೇಟ್, ಗರ್ಭಕಂಠಗಳಂಥ ನೆರೆಯ ಅವಯವಗಳವು. ಶ್ವಾಸಕೋಶದಿಂದ ಬಂದವು ಶೇಕಡಾ ೨.೮ ಮಾತ್ರ.

ಮೊದಲಿದ್ದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅಧ್ಯರ್ಬುದವೆಂದೂ, ಒಟ್ಟಿಗಾಗಲಿ ಕ್ರಮವಾಗಿಯಾಗಲಿ ಎರಡು ಹುಟ್ಟಿದರೆ ದ್ವಿರರ್ಬುದವೆಂದೂ ಸುಶ್ರುತಸಂಹಿತೆಯ ನಿದಾನಸ್ಥಾನವು ಹೆಸರಿಟ್ಟಿದೆ. ಆದರೆ ಎರಡನೆಯದು ಮೊದಲನೆಯದರ ಸಂತಾನವೇ ಎಂಬುದನ್ನು ಬರಿಗಣ್ಣಿನಿಂದ ಹೇಳಲಾಗದು.

ಅದಕ್ಕಾಗಿ ಸಿಸ್ಟೋಸ್ಕೋಪ್ ಎಂಬ ದೀಪವುಳ್ಳ ಸಪೂರ ನಳಿಕೆಯನ್ನು ಮೂತ್ರಮಾರ್ಗವಾಗಿ ಒಳಗೆ ಬಿಟ್ಟು ನೋಡಿ, ಗಡ್ಡೆಯ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಅದೂ ಸಾಲದಾದರೆ ಜೀವಕೋಶಗಳ ಮೂಲವನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆಯುಂಟು. ಶ್ವಾಸಕೋಶದ ಅಡಿನೊಕಾರ್ಸಿನೋಮ ಎಂಬ ಬಗೆಯಲ್ಲಿ ಟಿಟಿಎಫ್-೧, ನ್ಯಾಪ್ಸಿನ್-ಎ ಎಂಬ ಗುರುತುಗಳೂ, ಮೂತ್ರಾಶಯದ ಸಾಮಾನ್ಯ ಕ್ಯಾನ್ಸರಿನಲ್ಲಿ ಗಾಟಾ-೩ ಎಂಬುದೂ ಬಹುತೇಕ ತೋರುವುವು. ಗೋತ್ರವನ್ನು ಕೇಳಿ ಮನೆತನವನ್ನು ತಿಳಿದಂತೆ! ಆದಾಗ್ಯೂ ಮೂತ್ರಾಶಯದಲ್ಲಿಯೇ ಹುಟ್ಟುವ ಸಣ್ಣಕೋಶದ ಕ್ಯಾನ್ಸರಿನಲ್ಲಿಯೂ ಟಿಟಿಎಫ್-೧ ಒಮ್ಮೊಮ್ಮೆ ಕಾಣುವುದು. ಆದುದರಿಂದ ಹಿಂದೆ ಶ್ವಾಸಕೋಶದಿಂದ ತೆಗೆದ ತುಣುಕಿನೊಡನೆ ಹೋಲಿಸದೆ ನಿರ್ಣಯವು ಪೂರ್ಣವಾಗದು.

ಇಷ್ಟು ಶ್ರಮವೇಕೆಂದು ಗೃಹಿಣಿಯರು ಕೇಳಬಹುದು. ಮೂತ್ರಾಶಯದಲ್ಲಿಯೇ ಹುಟ್ಟಿ ಆಳಕ್ಕಿಳಿದ ರೋಗವಾದರೆ ಆ ಅವಯವವನ್ನೇ ತೆಗೆಯುವ ಮಾತು ಬರುವುದು. ಶ್ವಾಸಕೋಶದಿಂದ ಬಂದುದಾದರೆ ಆ ಯಾತನೆಯು ಸಾಮಾನ್ಯವಾಗಿ ವ್ಯರ್ಥ, ಶರೀರವೆಲ್ಲಕ್ಕೂ ತಲಪುವ ಔಷಧವೇ ಮುಖ್ಯ.

೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗಾಗಲಿ ಬೇರೆಡೆಗಾಗಲಿ ಹೋಗುವವರು ಹಳೆಯ ಬಯಾಪ್ಸಿಯ ವರದಿ, ಅದರ ಸ್ಲೈಡು, ತುಣುಕನ್ನು ಹುದುಗಿಸಿಟ್ಟ ಮೇಣದ ಅಚ್ಚು ಇವುಗಳನ್ನು ಮೊದಲಿನ ಆಸ್ಪತ್ರೆಯಲ್ಲಿ ಕೇಳಿ ಪಡೆದು ಒಯ್ಯತಕ್ಕದ್ದು. ರಕ್ತವು ಯಾವ ದಿನ, ಎಷ್ಟು ಸಲ ಕಂಡಿತೆಂಬುದನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟರೂ ವೈದ್ಯರಿಗೆ ಉಪಯೋಗವಾಗುವುದು.