ಗೊಂಬೆಯ ಮುಂದೆ ಕುಳಿತ ಮಗು

‘ಗೊಂಬೆ ಕೂರ್ಸಿದೀರಾ?’

ನವರಾತ್ರಿಯ ಸಂಜೆಗಳಲ್ಲಿ ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಮಕ್ಕಳ ಹಿಂಡು ಮನೆಮನೆಯ ಬಾಗಿಲಲ್ಲಿ ಕೇಳುತ್ತಿದ್ದ ಮಾತಿದು. ಹೌದೆಂದರೆ ಒಳಗೆ ನುಗ್ಗಿ ಗೊಂಬೆ ನೋಡುವುದು, ಬಂದರೆ ಒಂದು ದೇವರನಾಮ ಹಾಡುವುದು, ಗೊಂಬೆ ಬಾಗಿನವೆಂದು ಕೊಟ್ಟ ಪುಟ್ಟ ಕೋಡುಬಳೆಯನ್ನೋ ಕೊಬ್ಬರಿ ಮಿಠಾಯಿಯನ್ನೋ ಹಿಡಿದು ಮುಂದಿನ ಮನೆಗೆ ಓಡುವುದು. ನೋಡಲು ಇದು ಬರಿಯ ಆಟ. ಆದರೆ ಮನೆಯ ದೈವಶ್ರದ್ಧೆ ಹಿರಿಯರಿಂದ ಕಿರಿಯರಿಗೆ ದಾಟುತ್ತಿದ್ದುದು ಈ ಆಟದ ಮೂಲಕವೇ.

ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅರಮನೆಯಲ್ಲಿ ದರ್ಬಾರು ನಡೆದರೆ, ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಪಟ್ಟದ ಗೊಂಬೆಗಳ ಪುಟ್ಟ ದರ್ಬಾರು. ಈ ರಾಜ-ರಾಣಿಯರ ಜೋಡಿಯನ್ನು ಮಗಳ ಮದುವೆಯಲ್ಲಿ ತವರಿನವರು ಕೊಡುವುದು ವಾಡಿಕೆ. ಹೀಗೆ ಹಬ್ಬವೂ ಮಗಳೊಡನೆ ಹೊಸ ಮನೆಗೆ ಹೋಗುತ್ತದೆ. ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ಕಲಶ, ಪಟ್ಟದ ಗೊಂಬೆ, ದಶಾವತಾರ, ರಾಮಾಯಣದ ದೃಶ್ಯ. ಕೆಳಗೆ ಧಾನ್ಯದ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ.

ಎಲ್ಲಕ್ಕಿಂತ ಕೆಳಗಿನ ನೆಲ ಮಕ್ಕಳದು. ಕೆಲವು ದಿನ ಮೊದಲೇ ರಾಗಿ ಚೆಲ್ಲಿ ಮೊಳಕೆ ಬರಿಸಿ ಅವರು ಅಲ್ಲೊಂದು ಉದ್ಯಾನ ಮಾಡುತ್ತಾರೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳಿಗೂ ಆಟದ ಮೋಟಾರಿಗೂ ಅಲ್ಲಿ ಜಾಗವುಂಟು. ದೇವರು ಮೇಲೆ, ಸಂತೆ ಕೆಳಗೆ. ಎರಡೂ ಒಂದೇ ಲೋಕವೆಂಬುದು ಮಗುವಿಗೆ ಹೇಳದೆಯೇ ತಿಳಿಯುತ್ತದೆ.

ಆದರೆ ಗೊಂಬೆ ತಾನಾಗಿ ಮಾತನಾಡದು. ಉಗ್ರನರಸಿಂಹನನ್ನು ಕಂಡ ಮಗು, ‘ಅಜ್ಜಿ, ಇವನಿಗೇಕೆ ಸಿಂಹದ ಮುಖ?’ ಎನ್ನುತ್ತದೆ. ಆಗ ಹಿರಣ್ಯಕಶಿಪುವಿನ ವರದ ಕಥೆ ಬರಬೇಕು: ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲ, ಒಳಗೂ ಹೊರಗೂ ಇಲ್ಲ, ಹಗಲೂ ಇರುಳೂ ಇಲ್ಲ. ಹೊಸ್ತಿಲ ಮೇಲೆ, ಮುಸ್ಸಂಜೆಯಲ್ಲಿ ವರ ಸೋತ ಬಗೆ ಕೇಳಿ ಮಗು ಕಣ್ಣರಳಿಸುತ್ತದೆ. ‘ತಂದೆಯ ಮಾತನ್ನು ಪ್ರಹ್ಲಾದ ಮೀರಬಹುದೇ?’ ಎಂಬ ಕಷ್ಟದ ಪ್ರಶ್ನೆಯೂ ಬಂದೀತು. ಅದನ್ನು ಗದರಿಸಿ ಅಡಗಿಸುವ ಮನೆಯಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತದೆ.

ಇಂದು ಮಾರುಕಟ್ಟೆಯಲ್ಲಿ ಸಿದ್ಧ ಮೆಟ್ಟಿಲು, ಸಿದ್ಧ ಗೊಂಬೆಯ ಸೆಟ್ಟು ಸಿಗುತ್ತವೆ. ಪ್ರದರ್ಶನಕ್ಕೆ ಬಹುಮಾನಗಳೂ ಇವೆ. ಅದರಲ್ಲಿ ತಪ್ಪಿಲ್ಲ. ಆದರೆ ‘ಮುಟ್ಟಬೇಡ, ಒಡೆದೀತು’ ಎಂದು ಮಗುವನ್ನು ದೂರ ನಿಲ್ಲಿಸಿದರೆ, ಕಥೆ ಬಲ್ಲವರು ಪಕ್ಕದಲ್ಲಿ ಕೂರದಿದ್ದರೆ, ಉಳಿಯುವುದು ಅಲಂಕಾರ ಮಾತ್ರ. ಒಡೆದ ಗೊಂಬೆಯನ್ನು ಮತ್ತೆ ಕೊಳ್ಳಬಹುದು. ಅಜ್ಜಿಯೊಡನೆ ಹೋದ ಕಥೆಯನ್ನು ಕೊಳ್ಳಲಾಗದು.

ಇದಕ್ಕೆ ಪ್ರಹ್ಲಾದನ ಕಥೆಯೇ ಸಾಕ್ಷಿ. ಹಿರಣ್ಯಕಶಿಪು ಮಗನಿಗೆ ಆಜ್ಞೆ ಮಾಡಿದ, ಗುರುಗಳನ್ನಿಟ್ಟ, ಶಿಕ್ಷಿಸಿದ, ಯಾವುದೂ ನಾಟಲಿಲ್ಲ. ನಾಟಿದ್ದು, ತಾಯಿಯ ಗರ್ಭದಲ್ಲಿದ್ದಾಗ ಕೇಳಿಸಿಕೊಂಡ ನಾರದರ ಮಾತು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸುತ್ತಾರೆ. ಆ ಕೆಲಸಕ್ಕೂ ಮಕ್ಕಳನ್ನು ಕೂಡಿಸಿಕೊಳ್ಳಬೇಕು. ಮುಂದೊಂದು ದಿನ ಆ ಟ್ರಂಕನ್ನು ತೆರೆಯಬೇಕಾದವರು ಅವರೇ.