ಕಾಶ್ಮೀರದ ಅಕ್ರೋಟು ಮರ: ಕಾಯಕದ ಕಣ್ಣಿನಲ್ಲಿ

ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವುದನ್ನೇ ಕಾಯಕವಾಗಿ ಕೈಕೊಂಡ ಮೋಳಿಗೆಯ ಮಾರಯ್ಯನವರ ಕಥೆಯನ್ನು ನಮ್ಮ ಪರಂಪರೆ ತಲೆತಲಾಂತರದಿಂದ ಹೇಳುತ್ತ ಬಂದಿದೆ. ಮರಗೆಲಸದಲ್ಲಿಯೇ ಶಿವನನ್ನು ಕಂಡ ಬಾಚಿಕಾಯಕದ ಬಸವಯ್ಯನವರೂ ಆ ಶರಣಗಣದವರೇ. ಹೀಗಿರುವಾಗ ಕಾಶ್ಮೀರದ ಮರಗೆಲಸವನ್ನು ಕುರಿತು ಅರಿಯುವುದು ನಮಗೆ ಹೊರಗಿನ ವಿಷಯವೆನಿಸದು.

ನಾವು ದ್ರಾಕ್ಷಿ, ಗೋಡಂಬಿಗಳ ಜೊತೆಯಲ್ಲಿ ಕೊಳ್ಳುವ ಅಕ್ರೋಟು ಕಾಯಿಯ ಮರವೇ ಇದು. ಕಾಶ್ಮೀರಿಗಳು ಇದನ್ನು 'ದೂನ್ ಕುಲ್' ಎಂದು ಕರೆಯುತ್ತಾರೆ. ಇದರ ಮರವು ಒಂದು ಘನಮೀಟರಿಗೆ ಸುಮಾರು 640 ಕಿಲೋಗ್ರಾಂ ತೂಗುತ್ತದೆ. ಎಂದರೆ ಹೆಚ್ಚುಕಡಿಮೆ ನಮ್ಮ ತೇಗದಷ್ಟು, ಬೀಟೆಗಿಂತ ಹಗುರ. ಎಳೆ ನಯವಾಗಿರುವುದರಿಂದ ಉಳಿಯ ಏಟಿಗೆ ಸೀಳದೆ ಸೂಕ್ಷ್ಮ ಗೆರೆಯನ್ನೂ ಹಿಡಿದುಕೊಳ್ಳುತ್ತದೆ. ಒಮ್ಮೆ ಚೆನ್ನಾಗಿ ಒಣಗಿದರೆ ಸುಲಭವಾಗಿ ಸೊಟ್ಟಗಾಗದು. ಆಘಾತವನ್ನು ತಾಳಬಲ್ಲ ಈ ಗುಣದಿಂದಲೇ ಬಂದೂಕಿನ ಹಿಡಿಗಳಿಗೂ ಇದನ್ನು ಬಳಸುತ್ತ ಬಂದಿದ್ದಾರೆ.

ಒಂದೇ ಮರದಲ್ಲಿಯೂ ಭಾಗದಿಂದ ಭಾಗಕ್ಕೆ ಬೆಲೆ ಬೇರೆ. ಬೇರಿನ ಮರವು ಅತಿ ಕಪ್ಪಾಗಿ, ಸುಂದರ ರೇಖೆಗಳಿಂದ ಕೂಡಿದ್ದು, ಹೆಚ್ಚು ಬೆಲೆಯುಳ್ಳದ್ದಾಗಿರುತ್ತದೆ. ಕಾಂಡದ್ದು ಅದರ ನಂತರದ್ದು. ಕೊಂಬೆಯ ಮರವು ತಿಳಿಬಣ್ಣದ್ದು, ಅಗ್ಗವಾದುದು. ಕೊಯ್ದ ಹಲಗೆಗಳನ್ನು ಗಾಳಿಯಾಡುವಂತೆ ನಡುವೆ ತೆರಪು ಬಿಟ್ಟು ನೆರಳಿನಲ್ಲಿ ಒಟ್ಟಿ, ವರ್ಷಗಟ್ಟಲೆ ಒಣಗಿಸುತ್ತಾರೆ. ಅವಸರಪಟ್ಟರೆ ಹಲಗೆ ಬಿರಿಯುತ್ತದೆ. ಅನಂತರ 'ನಕ್ಕಾಶ್' ಎನಿಸಿಕೊಂಡ ಕೆತ್ತನೆಗಾರನು ಚಿನಾರ್ ಎಲೆ, ಕಮಲ, ಗುಲಾಬಿ, ದ್ರಾಕ್ಷಿಬಳ್ಳಿಗಳ ಚಿತ್ರವನ್ನು ಹಲಗೆಯ ಮೇಲೆ ಬರೆದು, ಉಳಿ-ಕೊಡತಿಗಳಿಂದ ಕಂಡರಿಸುತ್ತಾನೆ. ಕೊನೆಗೆ ಉಜ್ಜಿ ನುಣುಪುಗೊಳಿಸಿ, ಮೇಣದ ಮೆರುಗು ಕೊಡುತ್ತಾರೆ. ಮರದ ಸಹಜವರ್ಣವೇ ಇಲ್ಲಿ ಅಲಂಕಾರ.

ಆದರೆ ಒಂದು ಧರ್ಮಸಂಕಟವೂ ಇಲ್ಲಿದೆ. ಅಕ್ರೋಟು ಮರವು ಮೊಮ್ಮಕ್ಕಳ ಕಾಲಕ್ಕೂ ಫಲ ಕೊಡುವಂಥದು; ಹಲಗೆಯನ್ನು ಕೊಡುವುದು ಒಮ್ಮೆ ಮಾತ್ರ. ಈ ಕಾರಣದಿಂದ 1969ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಶಾಸನವೊಂದನ್ನು ರಚಿಸಿ, ಅನುಮತಿಯಿಲ್ಲದೆ ಇದನ್ನು ಕಡಿಯುವುದನ್ನು ನಿರ್ಬಂಧಿಸಲಾಯಿತು. ಮರ ದುರ್ಲಭವಾದಂತೆ ಬೆಲೆ ಏರಿತು. ಇನ್ನೊಂದೆಡೆ ಯಂತ್ರದ ಕೆತ್ತನೆ ಅಗ್ಗವಾಗಿ ಮಾರುಕಟ್ಟೆಗೆ ಬಂದಿತು. ತಿಂಗಳುಗಟ್ಟಲೆ ಬಾಗಿ ಕುಳಿತು ದುಡಿಯುವ ಕುಶಲಕರ್ಮಿಯ ಅನ್ನಕ್ಕೆ ಈ ಎರಡರಿಂದಲೂ ಕುತ್ತು. ಅವನ ಮಕ್ಕಳು ಉಳಿ ಹಿಡಿಯಲು ಹಿಂಜರಿದರೆ ಅವರನ್ನು ದೂರುವಂತಿಲ್ಲ. ಕಾಶ್ಮೀರದ ಅಕ್ರೋಟು ಕೆತ್ತನೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ಸಮಾಧಾನದ ಸಂಗತಿ.

ಪ್ರವಾಸ ಹೋದ ಬಂಧುಗಳು ವಿಭೂತಿ ಕರಡಿಗೆಯನ್ನೋ ಗ್ರಂಥಪೀಠವನ್ನೋ ಕೊಳ್ಳುವಾಗ ಇಷ್ಟನ್ನು ಗಮನಿಸುವುದು ಒಳಿತು. ಕೈಕೆತ್ತನೆಯಲ್ಲಿ ಎರಡು ಎಲೆಗಳು ಪೂರ್ತಿ ಒಂದೇ ತೆರನಾಗಿರುವುದಿಲ್ಲ. ಎಳೆಯ ರೇಖೆಯೇ ಕಾಣದಂತೆ ದಟ್ಟ ಬಣ್ಣ ಬಳಿದಿದ್ದರೆ ಬೇರೆ ಮರವೇ ಎಂದು ವಿಚಾರಿಸಬೇಕು. ಮನೆಗೆ ತಂದ ಮೇಲೆ ಬಿಸಿಲಿನಲ್ಲಿಡಬಾರದು. ಒಣಬಟ್ಟೆಯಿಂದ ಒರೆಸಿ, ಆಗಾಗ ತುಸು ಮೇಣ ಸವರಿದರೆ ಸಾಕು. ಒದ್ದೆಯ ಕಬ್ಬಿಣದ ವಸ್ತುವನ್ನು ಅದರ ಮೇಲಿಟ್ಟರೆ ಕಪ್ಪು ಕಲೆ ಮೂಡುತ್ತದೆ.

ಚೌಕಾಶಿ ಮಾಡುವ ಮುನ್ನ ಆ ದುಡಿಮೆಯ ದಿನಗಳನ್ನೂ ಲೆಕ್ಕಕ್ಕೆ ಹಿಡಿಯೋಣ. ಕಾಯಕಕ್ಕೆ ತಕ್ಕ ಬೆಲೆ ಕೊಡುವುದೂ ಶರಣಮಾರ್ಗದ ಆಚರಣೆಯೇ ಆಗಿದೆ.